ಮೂವರ ಸಂಸಾರ, ಒಂದು ಗ್ರಾಂ ರೇಡಿಯಂ

1921ನೆಯ ಇಸವಿಯ ವಸಂತದಲ್ಲಿ ಪ್ಯಾರಿಸ್ ನಗರದ ಒಂದು ಮನೆಯಲ್ಲಿ ದೂರ ಪ್ರಯಾಣದ ಸಿದ್ಧತೆ ನಡೆದಿತ್ತು. ಮನೆಯಲ್ಲಿದ್ದವರು ಮೂವರೇ. ತಾಯಿಗೆ 53 ವರ್ಷ; ಹಿರಿಯ ಮಗಳಿಗೆ 23; ಕಿರಿಯಳಿಗೆ 16. ಮನೆಯ ಯಜಮಾನರು ತೀರಿಕೊಂಡು 15 ವರ್ಷಗಳಾಗಿದ್ದವು. ತಾಯಿ ದುಡಿದು ಸಂಸಾರ ಸಾಗಿಸುತ್ತಿದ್ದರು. ಹಿರಿಯ ಮಗಳು ತಾಯಿಯ ಕೈಕೆಳಗೇ ಕೆಲಸ ಕಲಿಯುತ್ತಿದ್ದಳು. ಕಿರಿಯಳು ಶಾಲೆಗೆ ಹೋಗುತ್ತಿದ್ದಳು. ಇಷ್ಟನ್ನೇ ಕೇಳಿದರೆ ಯಾವ ಊರಿನ ಯಾವ ಬೀದಿಯಲ್ಲಾದರೂ ಕಾಣಸಿಗುವ ಸಂಸಾರವೆಂದು ತೋರೀತು. ಆದರೆ ಆ ತಾಯಿಯ ಹೆಸರು ಮೇರಿ ಕ್ಯೂರಿ. ಅದುವರೆಗೆ ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ವ್ಯಕ್ತಿ ಜಗತ್ತಿನಲ್ಲೆಲ್ಲ ಆಕೆಯೊಬ್ಬರೇ ಆಗಿದ್ದರು.

ಆ ಒಂದು ವರ್ಷದೊಳಗೆ ಈ ಪುಟ್ಟ ಸಂಸಾರ ಅಟ್ಲಾಂಟಿಕ್ ಸಾಗರವನ್ನು ದಾಟಿ ಮರಳಿ ಬಂದಿತು. ಹಿರಿಯ ಮಗಳ ಮೊದಲ ಸಂಶೋಧನ ಲೇಖನ ಬೆಳಕು ಕಂಡಿತು. ಕಿರಿಯಳು ಎಂದೂ ಕಾಣದ ಲೋಕವನ್ನು ಕಂಡು ಬಂದು ತಿರುಗಿ ಪಾಠದ ಪುಸ್ತಕ ಹಿಡಿದಳು. ತಾಯಿಯ ಕೊರಳಿಗೆ ಅಮೆರಿಕದ ಅಧ್ಯಕ್ಷರು ಚಿನ್ನದ ಬೀಗದ ಕೈಯೊಂದನ್ನು ತೊಡಿಸಿದರು. ಇವೆಲ್ಲಕ್ಕಿಂತಲೂ ಹಿರಿದಾದ ಒಂದು ಸಂಗತಿ ಆ ವರ್ಷದ ಮೇ ತಿಂಗಳ ಒಂದು ರಾತ್ರಿ, ಯಾವ ಸಭೆಯೂ ಸಮಾರಂಭವೂ ಇಲ್ಲದೆ, ಒಬ್ಬ ವಕೀಲರ ಎದುರಿನಲ್ಲಿ ನಡೆದುಹೋಯಿತು. ತಾಯಿಯಾದವಳು ಮಕ್ಕಳಿಗೆ ಏನನ್ನು ಬಿಟ್ಟು ಹೋಗಬೇಕು ಎಂಬ ಪ್ರಶ್ನೆಗೆ ಮೇರಿ ಕ್ಯೂರಿ ಕೊಟ್ಟ ಉತ್ತರ ಅದು.

ನದಿಯಂಚಿನ ಮನೆ

ಪ್ಯಾರಿಸ್ಸಿನ ನಡುವೆ ಹರಿಯುವ ಸೇನ್ ನದಿಯಲ್ಲಿ ಸೇಂಟ್ ಲೂಯಿ ಎಂಬ ಸಣ್ಣ ದ್ವೀಪವಿದೆ. ಅದರ ಅಂಚಿನ ಬೆತ್ಯೂನ್ ದಂಡೆಯ 36ನೆಯ ನಂಬರಿನ ಕಟ್ಟಡದಲ್ಲಿ ಕ್ಯೂರಿಯವರ ಮನೆ. ವಿಶಾಲವಾದ ಕೋಣೆಗಳು, ನದಿಯತ್ತ ತೆರೆದ ಕಿಟಕಿಗಳು. ಆದರೆ ಕೋಣೆಗಳಲ್ಲಿ ಸಾಮಾನು ಸರಂಜಾಮು ಕಡಮೆ. ಅಲಂಕಾರದ ವಸ್ತುಗಳಿಗಾಗಿ ಹಣವನ್ನಾಗಲಿ ಹೊತ್ತನ್ನಾಗಲಿ ಕಳೆಯುವ ಸ್ವಭಾವ ಮೇರಿಯವರದಲ್ಲ. ಇದ್ದ ಒಂದು ದೊಡ್ಡ ವಸ್ತುವೆಂದರೆ ಕಿರಿಯ ಮಗಳು ಈವ್‌ಳ ಪಿಯಾನೋ.

ಊಟದ ಮೇಜಿನ ಬಳಿ ಕುಳಿತರೆ ತಾಯಿಯೂ ಹಿರಿಯ ಮಗಳು ಐರೀನಳೂ ಭೌತವಿಜ್ಞಾನದ ಮಾತಿಗೆ ತೊಡಗುವರು. ಕಿರಿಯಳಿಗೆ ಅದು ಅರ್ಥವಾಗದ ಭಾಷೆ. ಅವಳು ಬಹಳ ಚಿಕ್ಕವಳಾಗಿದ್ದಾಗಿನ ಒಂದು ವಿನೋದವಿದೆ. ಬೀಜಗಣಿತದಲ್ಲಿ ಬರುವ ‘ಬಿ’ ಎಂಬ ಅಕ್ಷರವನ್ನು ಫ್ರೆಂಚರು ‘ಬೇ’ ಎಂದು ಉಚ್ಚರಿಸುತ್ತಾರೆ. ಎರಡು ‘ಬಿ’ ಸೇರಿದರೆ ‘ಬೇಬೇ’ ಆಯಿತು. ಆ ಭಾಷೆಯಲ್ಲಿ ಬೇಬೇ ಎಂದರೆ ಎಳೆಯ ಕೂಸು! ಅಮ್ಮನೂ ಅಕ್ಕನೂ ಇಷ್ಟು ಅಕ್ಕರೆಯಿಂದ ಮಾತನಾಡಿಕೊಳ್ಳುವ ಈ ಕೂಸುಗಳು ಯಾರ ಮನೆಯವು, ನೋಡಲು ಹೇಗಿವೆ, ಅವುಗಳಲ್ಲಿ ಒಂದು ಚೌಕಾಕಾರವಾಗಿ ಏಕಿದೆ ಎಂದು ಆ ಹುಡುಗಿ ತಲೆ ಕೆಡಿಸಿಕೊಳ್ಳುತ್ತಿದ್ದಳಂತೆ. ಮುಂದೆ ಅವಳೇ ಬರೆದ ತಾಯಿಯ ಜೀವನಚರಿತ್ರೆಯಲ್ಲಿ ಈ ಮಾತು ಬಂದಿದೆ.

ಮನೆಯ ಯಜಮಾನರಾದ ಪಿಯೇರ್ ಕ್ಯೂರಿಯವರು 1906ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಬೀದಿಯಲ್ಲಿ ಕುದುರೆ ಬಂಡಿಯ ಚಕ್ರಕ್ಕೆ ಸಿಕ್ಕಿ ಮಡಿದಾಗ ಐರೀನಳಿಗೆ ಇನ್ನೂ 9 ತುಂಬಿರಲಿಲ್ಲ. ಈವ್ ಒಂದು ವರ್ಷ ದಾಟಿದ್ದ ಹಸುಗೂಸು. ಸರ್ಕಾರ ನೀಡಬಂದ ವಿಧವಾವೇತನವನ್ನು ಮೇರಿ ಒಲ್ಲೆನೆಂದರು. ದುಡಿದು ಮಕ್ಕಳನ್ನು ಸಾಕಬಲ್ಲೆನೆಂಬುದೇ ಆಕೆಯ ಉತ್ತರವಾಗಿತ್ತು. ಗಂಡನ ಪೀಠದಲ್ಲಿ ಕುಳಿತು ಸೊರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ಮೊದಲ ಮಹಿಳೆಯೆನಿಸಿದರು.

ಮಕ್ಕಳ ಓದು

ಮಕ್ಕಳ ಓದಿನ ಚಿಂತೆ ನೊಬೆಲ್ ಪಾರಿತೋಷಕ ಪಡೆದ ತಾಯಿಯನ್ನೂ ಬಿಟ್ಟಿರಲಿಲ್ಲ. ಹಗಲೆಲ್ಲ ಗಾಳಿ ಬೆಳಕಿಲ್ಲದ ಕೊಠಡಿಯಲ್ಲಿ ಮಕ್ಕಳನ್ನು ಕೂಡಿಹಾಕುವ ಶಾಲೆಗಳನ್ನು ಕಂಡರೆ ಮೇರಿಯವರಿಗೆ ಆಗದು. ಐರೀನ್ ಹತ್ತು ವರ್ಷದವಳಿದ್ದಾಗ ಆಕೆಯೂ ವಿಶ್ವವಿದ್ಯಾನಿಲಯದ ಕೆಲವರು ಸ್ನೇಹಿತರೂ ಸೇರಿ ಒಂದು ಏರ್ಪಾಟು ಮಾಡಿಕೊಂಡರು. ಹತ್ತು ಮಂದಿಯಷ್ಟು ಮಕ್ಕಳು, ದಿನಕ್ಕೊಂದು ಪಾಠ, ಪಾಠ ಹೇಳುವವರು ಆ ಮಕ್ಕಳ ತಂದೆತಾಯಿಗಳೇ! ರಸಾಯನಶಾಸ್ತ್ರಕ್ಕೆ ಜಾನ್ ಪೆರಿನ್, ಗಣಿತಕ್ಕೆ ಪಾಲ್ ಲಾಂಜೆವಿನ್, ಭೌತಶಾಸ್ತ್ರಕ್ಕೆ ಮೇರಿ ಕ್ಯೂರಿ. ಇಂಥ ಉಪಾಧ್ಯಾಯರು ಯಾವ ಶಾಲೆಯ ಮಕ್ಕಳಿಗೆ ಸಿಕ್ಕಾರು? ಪೆರಿನ್ನರು ಮುಂದೆ 1926ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಮೇರಿಯವರ ಪಾಠದ ಬಗೆ ಸೊಗಸಾಗಿತ್ತು. ಸೈಕಲ್ಲಿನ ಚಕ್ರದಲ್ಲಿರುವ ಉಕ್ಕಿನ ಗುಂಡುಗಳನ್ನು ಶಾಯಿಯಲ್ಲಿ ಅದ್ದಿ ಓರೆಯಾದ ಹಲಗೆಯ ಮೇಲೆ ಉರುಳಬಿಡುವರು. ಬೀಳುವ ವಸ್ತು ಸಾಗುವ ಬಾಗುದಾರಿ ಹಲಗೆಯ ಮೇಲೆ ತಾನಾಗಿಯೇ ಮೂಡುವುದು. ಒಂದು ದಿನ ಪಾತ್ರೆಯಲ್ಲಿರುವ ಬಿಸಿ ದ್ರವ ಆರದಂತೆ ಏನು ಮಾಡಬೇಕೆಂದು ಕೇಳಿದರು. ಉಣ್ಣೆ ಸುತ್ತಬೇಕು, ಹಾಗೆ ಮಾಡಬೇಕು, ಹೀಗೆ ಮಾಡಬೇಕು ಎಂದು ಜಾಣ ಮಕ್ಕಳು ತಮಗೆ ತೋಚಿದ ಉಪಾಯಗಳನ್ನೆಲ್ಲ ಹೇಳಿದರು. ಮೇರಿಯವರು ನಕ್ಕು, ತಾವಾದರೆ ಮೊದಲು ಪಾತ್ರೆಗೆ ಮುಚ್ಚಳ ಮುಚ್ಚುವುದಾಗಿ ಹೇಳಿದರಂತೆ! ಅಡಿಗೆಮನೆಯ ವಿವೇಕವೂ ವಿಜ್ಞಾನವೂ ಬೇರೆಬೇರೆಯಲ್ಲವೆಂದು ಮಕ್ಕಳಿಗೆ ಅಂದೇ ಮನದಟ್ಟಾಗಿರಬೇಕು.

ಈ ಸಹಕಾರಿ ಶಾಲೆ ಎರಡು ವರ್ಷ ನಡೆದು ನಿಂತಿತು. ಆಮೇಲೆ ಐರೀನ್ ಸೆವಿನ್ಯೆ ಎಂಬ ಶಾಲೆಯನ್ನೂ ಅಲ್ಲಿಂದ ಸೊರ್ಬಾನನ್ನೂ ಸೇರಿದಳು. 1914ರಲ್ಲಿ ಮೊದಲನೆಯ ಮಹಾಯುದ್ಧ ಸಿಡಿದಾಗ ಅವಳಿಗೆ 17 ವರ್ಷ ತುಂಬುತ್ತಲಿತ್ತು. ಗಾಯಗೊಂಡ ಸೈನಿಕರ ಮೈಯಲ್ಲಿ ಗುಂಡು ಎಲ್ಲಿ ಅಡಗಿದೆಯೆಂದು ಎಕ್ಸ್-ಕಿರಣದಿಂದ ಪತ್ತೆಮಾಡುವ ಯಂತ್ರಗಳನ್ನು ಮೋಟಾರುಗಳಲ್ಲಿ ಅಳವಡಿಸಿ ಮೇರಿ ರಣರಂಗದ ಹತ್ತಿರಕ್ಕೇ ಒಯ್ದರು. ಇಂಥ 20 ಮೋಟಾರುಗಳನ್ನು ಆಕೆ ಸಜ್ಜುಗೊಳಿಸಿದರು. ಐರೀನ್ ತಾಯಿಯ ಬಲಗೈಯಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ನಡುನಡುವೆ ಪರೀಕ್ಷೆಗೂ ಕುಳಿತು ಗಣಿತ, ಭೌತ, ರಸಾಯನ ಮೂರರಲ್ಲಿಯೂ ತೇರ್ಗಡೆ ಹೊಂದಿದಳು.

ಈವ್‌ಳ ದಾರಿಯೇ ಬೇರೆ. ಅವಳಿಗೆ ಸಂಗೀತದ ಒಲವು. ಅವಳು ಎಳೆಯ ವಯಸ್ಸಿನಲ್ಲಿ ಪಿಯಾನೋ ನುಡಿಸಿದುದನ್ನು ಕೇಳಿ ಪೋಲೆಂಡಿನ ಹೆಸರಾಂತ ವಾದಕ ಪಾಡೆರೆವ್‌ಸ್ಕಿ ಮೆಚ್ಚಿಕೊಂಡಿದ್ದರು. ಅಕ್ಕನಂತೆಯೇ ಅವಳೂ ವಿಜ್ಞಾನಿಯಾಗಬೇಕೆಂದು ತಾಯಿ ಹಟ ಹಿಡಿಯಲಿಲ್ಲ. ಇಬ್ಬರು ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲು ಹೋಗದಿದ್ದುದು ಆಕೆಯ ದೊಡ್ಡ ಗುಣ.

ಒಂದು ಪ್ರಶ್ನೆ, ಒಂದು ಉತ್ತರ

ಅಮೆರಿಕಾ ಪ್ರಯಾಣಕ್ಕೆ ಕಾರಣವಾದದ್ದು ಒಂದು ಮಾತುಕತೆ. 1920ರ ಮೇ ತಿಂಗಳಲ್ಲಿ ಮೇರಿ ಮೆಲೊನಿ ಎಂಬ ಅಮೆರಿಕದ ಪತ್ರಿಕಾ ಸಂಪಾದಕಿ ಮೇಡಂ ಕ್ಯೂರಿಯವರನ್ನು ಪ್ರಯೋಗಶಾಲೆಯಲ್ಲಿ ಕಂಡರು. ಪತ್ರಕರ್ತರನ್ನು ಕಂಡರೆ ದೂರ ಸರಿಯುತ್ತಿದ್ದ ಮೇರಿ ಈಕೆಯೊಡನೆ ಮಾತ್ರ ಮನಸ್ಸು ಬಿಚ್ಚಿ ಮಾತನಾಡಿದರು. ಅಮೆರಿಕದಲ್ಲಿ ಸುಮಾರು 50 ಗ್ರಾಂ ರೇಡಿಯಂ ಇದೆಯೆಂದೂ ಎಲ್ಲೆಲ್ಲಿ ಎಷ್ಟೆಷ್ಟಿದೆಯೆಂದೂ ಬೆರಳು ಮಡಿಚಿ ಹೇಳಿದರು. ಫ್ರಾನ್ಸಿನಲ್ಲಿ ನಿಮ್ಮ ಬಳಿ ಎಷ್ಟಿದೆಯೆಂದು ಮೆಲೊನಿ ಕೇಳಿದಾಗ, ತಮ್ಮ ಪ್ರಯೋಗಶಾಲೆಯಲ್ಲಿರುವುದು ಒಂದು ಗ್ರಾಮಿಗೆ ತುಸು ಮಾತ್ರ ಹೆಚ್ಚು ಎಂದರು. ಲೋಕದಲ್ಲಿ ಯಾವುದಾದರೂ ಒಂದನ್ನು ಬೇಡಿಕೊಳ್ಳಿರೆಂದರೆ ಏನನ್ನು ಬೇಡುವಿರಿ ಎಂಬ ಪ್ರಶ್ನೆಗೆ, ಸಂಶೋಧನೆಗೆಂದು ಇನ್ನೊಂದು ಗ್ರಾಂ ರೇಡಿಯಂ ಬೇಕು, ಆದರೆ ಅದನ್ನು ಕೊಳ್ಳುವ ಶಕ್ತಿ ತಮಗಿಲ್ಲ ಎಂದು ಉತ್ತರವಿತ್ತರು.

ಮೆಲೊನಿ ಬೆರಗಾದರು. ರೇಡಿಯಮ್ಮನ್ನು ಕಂಡುಹಿಡಿದವರ ಬಳಿಯೇ ರೇಡಿಯಂ ಇಲ್ಲ! ಆದರೆ ಅದಕ್ಕೆ ಕಾರಣವಿತ್ತು. 1898ರಲ್ಲಿ ಪೊಲೋನಿಯಂ, ರೇಡಿಯಂ ಎಂಬೆರಡು ಹೊಸ ಧಾತುಗಳನ್ನು ಗುರುತಿಸಿದ ಕ್ಯೂರಿ ದಂಪತಿಗಳು ಸೋರುವ ಮಾಡಿನ ಕೊಟ್ಟಿಗೆಯಂಥ ಕಟ್ಟಡದಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ಸೋಸಿ, 1902ರಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ರೇಡಿಯಂ ಲವಣವನ್ನು ಪಡೆದಿದ್ದರು. ಆ ವಿಧಾನಕ್ಕೆ ಪೇಟೆಂಟು ಪಡೆದಿದ್ದರೆ ಕೋಟ್ಯಧೀಶರಾಗಬಹುದಾಗಿತ್ತು. ಅದು ವಿಜ್ಞಾನದ ಧರ್ಮಕ್ಕೆ ಒಪ್ಪುವುದಲ್ಲವೆಂದು ಗಂಡಹೆಂಡಿರು ನಿಶ್ಚಯಿಸಿ, ಕೇಳಿದವರಿಗೆಲ್ಲ ವಿಧಾನವನ್ನು ತಿಳಿಸಿಬಿಟ್ಟರು. ಆಮೇಲೆ ಕಷ್ಟಪಟ್ಟು ಕೂಡಿಸಿದ ತಮ್ಮದೇ ಒಂದು ಗ್ರಾಮನ್ನೂ, ಗಂಡ ತೀರಿಕೊಂಡ ಬಳಿಕ, ಮೇರಿ ಪ್ರಯೋಗಶಾಲೆಗೆ ಕೊಟ್ಟುಬಿಟ್ಟಿದ್ದರು. ಅದರ ಬೆಲೆ ಹತ್ತು ಲಕ್ಷ ಚಿನ್ನದ ಫ್ರಾಂಕುಗಳಿಗೂ ಹೆಚ್ಚೆಂದು ಈವ್ ಬರೆದಿದ್ದಾಳೆ.

ಈ ಒಂದು ಗ್ರಾಂ ಸಂಶೋಧನೆಗೆ ಸಾಲದೆ ಹೋದದ್ದೇಕೆ? ರೇಡಿಯಂ ಕರೆಯುವ ಹಸುವಿನಂತೆ. ಅದರಿಂದ ರೇಡಾನ್ ಎಂಬ ಅನಿಲ ಬಿಡುವಿಲ್ಲದೆ ಹೊಮ್ಮುತ್ತಿರುತ್ತದೆ. ಅದನ್ನು ಹೀರಿ ತೆಗೆದು ಸೂಜಿಯಂಥ ಗಾಜಿನ ಕೊಳವೆಗಳಲ್ಲಿ ತುಂಬಿ ಆಸ್ಪತ್ರೆಗಳಿಗೆ ಕಳುಹಿಸಿದರೆ ಏಡಿಹುಣ್ಣಿನ ಚಿಕಿತ್ಸೆಗೆ ಬರುತ್ತಿತ್ತು. ಆ ಅನಿಲದ ಸತ್ವ ನಾಲ್ಕು ದಿನ ತುಂಬುವುದರೊಳಗೆ ಅರ್ಧಕ್ಕೆ ಇಳಿಯುವುದರಿಂದ ಮತ್ತೆ ಮತ್ತೆ ಕರೆಯುತ್ತಲೇ ಇರಬೇಕು. ಹೀಗಾಗಿ ಇದ್ದ ಒಂದು ಹಸುವಿನ ಹಾಲೆಲ್ಲ ರೋಗಿಗಳಿಗೆ ಮೀಸಲಾಗಿ, ಸಂಶೋಧನೆಗೆಂದು ಏನೂ ಉಳಿಯುತ್ತಿರಲಿಲ್ಲ.

ಒಂದು ಗ್ರಾಮಿನ ಬೆಲೆ ಆಗ 1,00,000 ಡಾಲರು. ಮೆಲೊನಿ ತಮ್ಮ ದೇಶಕ್ಕೆ ಮರಳಿ, ಅಲ್ಲಿನ ಹೆಂಗಸರಿಂದ ಹಣ ಕೂಡಿಸಲು ಹೊರಟರು. ದೊಡ್ಡ ಕುಳಗಳಿಗಿಂತ ಸಾಧಾರಣ ಮನೆಗಳ ಹೆಣ್ಣುಮಕ್ಕಳು ಕೊಟ್ಟ ಸಣ್ಣ ಕಾಣಿಕೆಗಳೇ ಹೆಚ್ಚಾಗಿದ್ದವು. ಒಂದು ವರ್ಷ ತುಂಬುವ ಮೊದಲೇ ಹಣ ಕೂಡಿತು. ಆದರೆ ಕಾಣಿಕೆಯನ್ನು ಸ್ವೀಕರಿಸಲು ಮೇರಿಯವರೇ ಬರಬೇಕಲ್ಲ! ಜನಜಂಗುಳಿಯೆಂದರೆ ಆಕೆಗೆ ಭಯ. ಮಕ್ಕಳನ್ನು ಬಿಟ್ಟು ಬರಲಾರೆನೆಂದರು. ಮಕ್ಕಳೂ ಬರಲಿ ಎಂದರು ಮೆಲೊನಿ. ಇನ್ನು ನೆಪ ಹೇಳಲು ದಾರಿಯಿರಲಿಲ್ಲ.

ಆಗಲೇ ಇನ್ನೊಂದು ಚಿಂತೆ ಆಕೆಯನ್ನು ಒಳಗೊಳಗೇ ಕೊರೆಯುತ್ತಿತ್ತು. ಕಣ್ಣಿಗೆ ಪೊರೆ ಕವಿಯುತ್ತಿತ್ತು. ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದು. 1920ರಲ್ಲಿ ಅಕ್ಕ ಬ್ರೋನ್ಯಾಳಿಗೆ ಬರೆದ ಕಾಗದದಲ್ಲಿ ಈ ದುಃಖವನ್ನು ತೋಡಿಕೊಂಡು, ಇದಕ್ಕೆಲ್ಲ ರೇಡಿಯಮ್ಮೇ ಕಾರಣವಿರಬಹುದೇ ಎಂದು ಶಂಕಿಸಿದ್ದರು. ಹೊರಗಿನವರಾರಿಗೂ ಇದು ತಿಳಿಯಬಾರದೆಂದು ಮುಚ್ಚಿಟ್ಟಿದ್ದರು. ಕಣ್ಣು ಹೋದರೆ ಕೆಲಸ ಹೋದಂತೆ. ಬೇಕಾದುದನ್ನು ಬೇಗ ಸಂಪಾದಿಸಿ ಪ್ರಯೋಗಶಾಲೆಗೆ ಸೇರಿಸಬೇಕೆಂಬ ಆತುರ ಆ ಪ್ರಯಾಣದ ಹಿಂದೆ ಇದ್ದೇ ಇತ್ತು.

ಕಡಲಿನ ದಾರಿ

ಅಮೆರಿಕಾ ಇಷ್ಟು ಸಡಗರ ಮಾಡುವುದನ್ನು ಕಂಡು ಫ್ರಾನ್ಸಿಗೆ ನಾಚಿಕೆಯಾದಂತಾಯಿತು. 1911ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ನಿಂತಿದ್ದ ಇದೇ ಮಹಿಳೆ ಅತ್ಯಲ್ಪ ಮತಗಳಿಂದ ಸೋತಿದ್ದರು. ಈಗ ಸರ್ಕಾರ ಲೀಜನ್ ಆಫ್ ಆನರ್ ಬಿರುದನ್ನು ಕೊಡಮುಂದಾಯಿತು, ಮೇರಿ ಬೇಡವೆಂದರು. ಏಪ್ರಿಲ್ 27ರಂದು ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ ಅವರ ಗೌರವಾರ್ಥ ದೊಡ್ಡ ಸಭೆ ನಡೆಯಿತು. ಮುಪ್ಪಿನಲ್ಲಿದ್ದ ಜಗದ್ವಿಖ್ಯಾತ ನಟಿ ಸಾರಾ ಬರ್ನಾರ್ಡ್ ಕೂಡ ಅಂದು ರಂಗಕ್ಕೆ ಬಂದರು.

ಅದಾದ ಕೆಲವೇ ದಿನಗಳಲ್ಲಿ ತಾಯಿ ಮಕ್ಕಳು ಮೆಲೊನಿಯವರೊಡನೆ ‘ಒಲಿಂಪಿಕ್’ ಎಂಬ ಹಡಗನ್ನು ಏರಿದರು. ಮುಳುಗಿಹೋದ ಟೈಟಾನಿಕ್ಕಿನ ಒಡಹುಟ್ಟಿನಂಥ ಹಡಗು ಅದು. ಮೇ 11ರಂದು ನ್ಯೂಯಾರ್ಕ್ ಬಂದರಿನಲ್ಲಿ ಜನಸಮುದ್ರವೇ ಕಾದಿತ್ತು. ಶಾಲೆಯ ಹುಡುಗಿಯರು, ಕೆಂಪು ಬಿಳಿ ಗುಲಾಬಿಗಳನ್ನು ಬೀಸುತ್ತಿದ್ದ 300 ಮಂದಿ ಪೋಲಿಷ್ ಮಹಿಳೆಯರು, ಬಾಜಾಬಜಂತ್ರಿ, ಬಾವುಟಗಳು. ಹಡಗಿನ ಮೇಲಟ್ಟದಲ್ಲಿ ಕುರ್ಚಿಯೊಂದರ ಮೇಲೆ ಕುಳಿತ ಮೇರಿಯವರನ್ನು ಛಾಯಾಗ್ರಾಹಕರು ಮುತ್ತಿಕೊಂಡು, ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ, ತಲೆ ಎತ್ತಿ ಎಂದು ಗೋಳುಹೊಯ್ದುಕೊಂಡರು. ಮೆಲೊನಿಯವರ ಮನೆಯ ತುಂಬ ಗುಲಾಬಿ ಹೂಗಳು. ರೇಡಿಯಂ ಚಿಕಿತ್ಸೆಯಿಂದ ಬದುಕಿಕೊಂಡ ತೋಟಗಾರನೊಬ್ಬ ಅವುಗಳನ್ನು ಈ ದಿನಕ್ಕಾಗಿಯೇ ತನ್ನ ಕೈಯಾರೆ ಬೆಳೆಸಿ ಕಳುಹಿಸಿದ್ದನಂತೆ.

ಆಮೇಲೆ ಹೆಂಗಸರ ಕಾಲೇಜುಗಳ ಸುತ್ತಾಟ. ಸ್ಮಿತ್, ವಾಸ್ಸರ್, ವೆಲ್ಸ್‌ಲಿ ಮುಂತಾದ ಕಡೆಗಳಲ್ಲಿ ಬಿಳಿಯ ಉಡುಪಿನ ವಿದ್ಯಾರ್ಥಿನಿಯರು ಸಾಲುಸಾಲಾಗಿ ನಿಂತು ಬರಮಾಡಿಕೊಂಡರು. ಮೇ 18ರಂದು ನ್ಯೂಯಾರ್ಕಿನ ಕಾರ್ನೆಗಿ ಭವನದಲ್ಲಿ ವಿದ್ಯಾವಂತ ಮಹಿಳೆಯರ ಮಹಾಸಭೆ ಆಕೆಯನ್ನು ಗೌರವಿಸಿತು. ಹೆಣ್ಣುಮಕ್ಕಳ ಉನ್ನತ ವಿದ್ಯಾಭ್ಯಾಸದ ಬಗ್ಗೆ ಇನ್ನೂ ಅನುಮಾನಗಳಿದ್ದ ಆ ಕಾಲದಲ್ಲಿ ಕರಿಯ ಉಡುಪಿನ ಈ ಬಡಕಲು ಹೆಂಗಸನ್ನು ಕಣ್ಣಾರೆ ಕಂಡ ಎಷ್ಟು ಹುಡುಗಿಯರಿಗೆ ಧೈರ್ಯ ಬಂದಿತೋ!

ಹತ್ತೊಂಬತ್ತರ ರಾತ್ರಿ

ಮೇ 20ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಅಧ್ಯಕ್ಷ ಹಾರ್ಡಿಂಗ್‌ರು ಕಾಣಿಕೆಯನ್ನು ಒಪ್ಪಿಸುವುದೆಂದು ಗೊತ್ತಾಗಿತ್ತು. ಹಿಂದಿನ ರಾತ್ರಿ ಮೆಲೊನಿಯವರು ದಾನಪತ್ರವನ್ನು ತಂದು ಮೇರಿಯವರ ಕೈಗಿತ್ತರು. ಸೊಗಸಾದ ಚರ್ಮಕಾಗದ, ಅಂದವಾದ ಬರೆವಣಿಗೆ. ಈ ರೇಡಿಯಮ್ಮನ್ನು ಮೇಡಂ ಕ್ಯೂರಿಯವರಿಗೆ ಕಾಣಿಕೆಯಾಗಿ ಸಲ್ಲಿಸಿದೆ ಎಂಬುದು ಅದರ ಸಾರ.

ಬೇರೊಬ್ಬರಾದರೆ ಸಂತೋಷದಿಂದ ಮಡಿಚಿ ಇಟ್ಟುಕೊಳ್ಳುತ್ತಿದ್ದರು. ಮೇರಿ ನಿಧಾನವಾಗಿ ಓದಿ, ಇದನ್ನು ತಿದ್ದಬೇಕು ಎಂದರು. ಅಮೆರಿಕಾ ಕೊಡುತ್ತಿರುವುದು ವಿಜ್ಞಾನಕ್ಕೆ. ತಾನು ಬದುಕಿರುವವರೆಗೆ ಅದು ವಿಜ್ಞಾನಕ್ಕೇ ಬಳಕೆಯಾಗುವುದರಲ್ಲಿ ಸಂದೇಹವಿಲ್ಲ. ಆದರೆ ಈ ಪತ್ರ ಹೀಗೆಯೇ ಇದ್ದರೆ ತನ್ನ ಕಾಲಾನಂತರ ರೇಡಿಯಂ ಖಾಸಗಿಯವರ ಸ್ವತ್ತಾಗುತ್ತದೆ. ಆ ಖಾಸಗಿಯವರು ಯಾರು? ತನ್ನ ಹೆಣ್ಣುಮಕ್ಕಳೇ. ಅದಾಗಕೂಡದು, ಅದು ಪ್ರಯೋಗಶಾಲೆಗೆ ಸೇರಬೇಕು, ಈಗಲೇ ವಕೀಲರನ್ನು ಕರೆಸಿ ಎಂದರು.

ಮೆಲೊನಿ ತಬ್ಬಿಬ್ಬಾದರು. ಬೇಕಾದರೆ ಬರುವ ವಾರ ಈ ಶಾಸ್ತ್ರವನ್ನೆಲ್ಲ ಮುಗಿಸಬಹುದಲ್ಲ ಎಂದರು. ಮೇರಿ ಒಪ್ಪಲಿಲ್ಲ. ಬರುವ ವಾರವಲ್ಲ, ನಾಳೆಯೂ ಅಲ್ಲ, ಈ ರಾತ್ರಿಯೇ ಆಗಬೇಕು. ಕಾಣಿಕೆ ಜಾರಿಗೆ ಬಂದ ಮೇಲೆ ಕೆಲವೇ ಗಂಟೆಗಳಲ್ಲಿ ತನಗೆ ಮೃತ್ಯು ಬಂದರೆ ಯಾರೇನು ಮಾಡಲಾದೀತು ಎಂಬುದು ಆಕೆಯ ವಾದ. ಆ ಅಪವೇಳೆಯಲ್ಲಿ ವಕೀಲರೊಬ್ಬರನ್ನು ಹುಡುಕಿ ತಂದರು. ಹೊಸ ಪತ್ರ ಸಿದ್ಧವಾಯಿತು. ಮೇರಿ ಆ ಕ್ಷಣವೇ ಸಹಿ ಹಾಕಿದರು.

ಈ ಹಟದ ಬೆಲೆಯನ್ನು ಎಣಿಸಿ ನೋಡಬೇಕು. 1,00,000 ಡಾಲರಿನ ವಸ್ತು ಅದು. ಯುದ್ಧ ಕಾಲದಲ್ಲಿ ಎರಡನೆಯ ನೊಬೆಲ್ ಪಾರಿತೋಷಕದ ಹಣವನ್ನು ಸರ್ಕಾರದ ಸಾಲಪತ್ರಗಳಿಗೆ ಹಾಕಿ ಮೇರಿ ಕಳೆದುಕೊಂಡಿದ್ದರು. ಕಣ್ಣು ಮಂಜಾಗುತ್ತಿತ್ತು, ಇಬ್ಬರು ಹೆಣ್ಣುಮಕ್ಕಳು ಇನ್ನೂ ನೆಲೆ ನಿಂತಿರಲಿಲ್ಲ, ಕಿರಿಯಳಿಗೆ ಶಾಲೆಯೇ ಮುಗಿದಿರಲಿಲ್ಲ. ಮಕ್ಕಳಿಗಾಗಿ ಒಂದು ತುಂಡು ನೆಲ, ನಾಲ್ಕು ಬಳೆ ಚಿನ್ನ ಕೂಡಿಡಲು ಹೊಟ್ಟೆ ಬಟ್ಟೆ ಕಟ್ಟುವ ತಾಯಂದಿರಿಗೆ ಈ ರಾತ್ರಿಯ ತೂಕ ತಿಳಿಯುವುದು. ಮೇರಿಯವರಿಗೆ ಮಕ್ಕಳ ಮೇಲೆ ಪ್ರೀತಿ ಕಡಮೆಯಿತ್ತೇ? ಹಾಗೆನ್ನಲು ಕಾರಣವಿಲ್ಲ. ಐಶ್ವರ್ಯ ಬದುಕಿನ ಗುರಿಯಾಗಬಾರದು, ದುಡಿದು ಉಣ್ಣುವ ಶಕ್ತಿಯೇ ಮಕ್ಕಳಿಗೆ ಕೊಡಬೇಕಾದ ಆಸ್ತಿ ಎಂದು ಆಕೆ ನಂಬಿದ್ದರು. ಆ ಮಕ್ಕಳು ಮುಂದೆ ಇದಕ್ಕಾಗಿ ತಾಯಿಯನ್ನು ದೂರಲೂ ಇಲ್ಲ. ಈ ಪ್ರಸಂಗವನ್ನು ಲೋಕಕ್ಕೆ ಹೆಮ್ಮೆಯಿಂದ ತಿಳಿಸಿದವಳು ಪಾಲು ಕಳೆದುಕೊಂಡ ಈವ್‌ಳೇ!

ಮಾರನೆಯ ದಿನದ ಸಮಾರಂಭ ವೈಭವದಿಂದ ನಡೆಯಿತು. ಹಾರ್ಡಿಂಗ್‌ರು ದಾನಪತ್ರದ ಸುರುಳಿಯನ್ನು ಕೊಟ್ಟು, ಪಟ್ಟಿಯಲ್ಲಿ ಪೋಣಿಸಿದ ಚಿನ್ನದ ಪುಟ್ಟ ಬೀಗದ ಕೈಯನ್ನು ಆಕೆಯ ಕೊರಳಿಗೆ ಹಾಕಿದರು. ಸೀಸದ ಹೊದಿಕೆಯ ಪೆಟ್ಟಿಗೆಯ ಕೈ ಅದು. ಅಪಾಯದ ವಸ್ತುವಾದ್ದರಿಂದ ರೇಡಿಯಮ್ಮನ್ನು ಮಾತ್ರ ಅಲ್ಲಿಗೆ ತಂದಿರಲಿಲ್ಲ. ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಇದ್ದವು ತೋರಿಕೆಯ ಕೊಳವೆಗಳು!

ತಾಯಿಗೆ ಬದಲು ಮಕ್ಕಳು

ಅಮೆರಿಕನ್ನರ ಅಭಿಮಾನ ಮೇರಿಯವರ ಮೈಗೆ ಭಾರವಾಯಿತು. ಅಭಿಮಾನಿಯೊಬ್ಬರು ಎಷ್ಟು ಜೋರಾಗಿ ಕೈ ಕುಲುಕಿದರೆಂದರೆ ಮಣಿಕಟ್ಟು ಉಳುಕಿ, ಕೈಯನ್ನು ಪಟ್ಟಿಯಿಂದ ಕೊರಳಿಗೆ ತೂಗುಹಾಕಿಕೊಂಡು ತಿರುಗಬೇಕಾಯಿತು. ರಕ್ತದ ಒತ್ತಡ ಕುಗ್ಗಿತ್ತು. ವೈದ್ಯರು ವಿಶ್ರಾಂತಿ ಬೇಕೆಂದರು. ಗೊತ್ತುಮಾಡಿದ್ದ ಅನೇಕ ಸಭೆಗಳು ರದ್ದಾದವು. ಜನರ ಕಣ್ಣು ತಪ್ಪಿಸಲು ಕೆಲವೊಮ್ಮೆ ರೈಲಿನ ಹಿಂಬದಿಯಿಂದ ಇಳಿದು ಹಳಿಗಳನ್ನು ದಾಟಿ ಹೋಗಬೇಕಾಗುತ್ತಿತ್ತು.

ಆಗ ತಾಯಿಯ ಬದಲಿಗೆ ಮಕ್ಕಳು ವೇದಿಕೆ ಏರಿದರು. ತಮ್ಮ ಅಳತೆಗೆ ಮೀರಿದ ನಿಲುವಂಗಿಯನ್ನು ತೊಟ್ಟು ಐರೀನ್ ಗಂಭೀರವಾಗಿ ನಿಂತು ತಾಯಿಯ ಪರವಾಗಿ ಗೌರವ ಪದವಿಗಳನ್ನು ಸ್ವೀಕರಿಸುವಳು. ಈವ್‌ಳ ಪಾಡು ಇನ್ನೂ ವಿನೋದದ್ದು. ಮೇಡಂ ಕ್ಯೂರಿಯವರಿಗೆಂದು ಬರೆದು ತಂದ ಭಾಷಣವನ್ನು ಬದಲಿಸಲು ತೋಚದೆ, ಭಾಷಣಕಾರರು 16 ವರ್ಷದ ಹುಡುಗಿಯನ್ನೇ ಉದ್ದೇಶಿಸಿ ಆಕೆಯ ಮಹತ್ತಾದ ಸಂಶೋಧನೆಗಳನ್ನೂ ದೀರ್ಘ ಜೀವಮಾನದ ದುಡಿಮೆಯನ್ನೂ ಕೊಂಡಾಡಿಬಿಡುತ್ತಿದ್ದರು!

ಆದರೂ ಮಕ್ಕಳಿಗೆ ಈ ಪ್ರಯಾಣ ಹಬ್ಬವಾಗಿತ್ತು. ನಯಾಗರಾ ಜಲಪಾತವನ್ನು ಕಂಡರು. ಸಾಂತಾ ಫೆ ರೈಲಿನಲ್ಲಿ ಮರಳುಗಾಡನ್ನು ದಾಟಿ ಪಶ್ಚಿಮಕ್ಕೆ ಹೋಗಿ, ಕೊಲರಾಡೊ ನದಿ ಕೊರೆದ ಮಹಾಕಂದರದ ಅಂಚಿನಲ್ಲಿ ನಿಂತರು. ತಾಯಿ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರೆ ಅಕ್ಕತಂಗಿಯರು ಸವಾರಿ ಮಾಡಿಕೊಂಡು ಕಂದರದ ಆಳಕ್ಕಿಳಿದು ಬಂದರು. ಕೊಲರಾಡೊ ಸೀಮೆಯ ಕಾರ್ನೊಟೈಟ್ ಎಂಬ ಹಳದಿ ಅದಿರಿನಿಂದಲೇ ಈ ಒಂದು ಗ್ರಾಂ ಹುಟ್ಟಿದ್ದು. ಪಿಟ್ಸ್‌ಬರ್ಗಿನ ಕಡೆ ಅದನ್ನು ಶುದ್ಧಿ ಮಾಡಿದ ಕಾರ್ಖಾನೆಗೂ ಮೇರಿ ಭೇಟಿಯಿತ್ತರು. ನೂರಾರು ಟನ್ ಅದಿರಿನಿಂದ ಒಂದು ಚಿಟಿಕೆ ಉಪ್ಪಿನಷ್ಟು ವಸ್ತು!

ಜೂನ್ ಕೊನೆಯಲ್ಲಿ ಅದೇ ಒಲಿಂಪಿಕ್ ಹಡಗಿನಲ್ಲಿ ತಾಯಿ ಮಕ್ಕಳು ಮರಳಿದರು. ರೇಡಿಯಂ ಹಡಗಿನ ಭದ್ರ ಪೆಟ್ಟಿಗೆಯಲ್ಲಿತ್ತು.

ಮರಳಿ ಮನೆಗೆ

ಮನೆಗೆ ಬಂದೊಡನೆ ದಿನಚರಿ ತನ್ನ ಹಳೆಯ ಜಾಡನ್ನು ಹಿಡಿಯಿತು. ತಾಯಿ ಪ್ರಯೋಗಶಾಲೆಗೆ, ಐರೀನ್ ಅವರ ಹಿಂದೆಯೇ, ಈವ್ ಶಾಲೆಗೆ. ಐರೀನಳ ಮೊದಲ ಸಂಶೋಧನ ಲೇಖನ ಆ 1921ರಲ್ಲಿಯೇ ಅಚ್ಚಾಯಿತು. ಕೆಲವು ಖನಿಜಗಳಲ್ಲಿರುವ ಕ್ಲೋರೀನಿನ ಪರಮಾಣು ತೂಕ ಅದರ ವಿಷಯ. 1922ರ ಫೆಬ್ರವರಿಯಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿ ಮೇರಿಯವರನ್ನು ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಹನ್ನೊಂದು ವರ್ಷಗಳ ಹಿಂದೆ ಒಂದು ಅಕಾಡೆಮಿ ಮುಚ್ಚಿದ ಬಾಗಿಲನ್ನು ಇನ್ನೊಂದು ಅಕಾಡೆಮಿ ತೆರೆಯಿತು.

ಕಣ್ಣಿನ ಕಷ್ಟ ಮಾತ್ರ ಹೆಚ್ಚುತ್ತಲೇ ಹೋಯಿತು. ಪಾಠದ ಟಿಪ್ಪಣಿಗಳನ್ನು ದಪ್ಪಕ್ಷರದಲ್ಲಿ ಬರೆದುಕೊಂಡು, ಉಪಕರಣಗಳಿಗೆ ಬಣ್ಣದ ಗುರುತು ಹಚ್ಚಿಕೊಂಡು ಮೇರಿ ಕೆಲಸ ಸಾಗಿಸಿದರು. 1923ರಿಂದ ಮೊದಲುಗೊಂಡು ಹಲವು ಬಾರಿ ಶಸ್ತ್ರಚಿಕಿತ್ಸೆಯಾಯಿತು. ಮಕ್ಕಳಿಬ್ಬರೂ ಗುಟ್ಟನ್ನು ಕಾಯ್ದುಕೊಂಡು ತಾಯಿಗೆ ಕಣ್ಣಾಗಿದ್ದರು.

ಮಕ್ಕಳಿಗೆ ದೊರೆತ ಪಾಲು

ಹಾಗಾದರೆ ಐರೀನಳಿಗೂ ಈವ್‌ಳಿಗೂ ತಾಯಿಯಿಂದ ಬಂದದ್ದೇನು? ಐರೀನಳ ಮಟ್ಟಿಗೆ ಆ ಲೆಕ್ಕ ಸೋಜಿಗದ್ದು. ರೇಡಿಯಂ ಕ್ಷಯಿಸುತ್ತ ಹೋದಂತೆ ಅದರ ಸಂತತಿಯಲ್ಲಿ ಮುಂದೆ ಹುಟ್ಟುವ ವಸ್ತುಗಳಲ್ಲಿ ಪೊಲೋನಿಯಮ್ಮೂ ಒಂದು. ಮೇರಿಯವರ ಪ್ರಯೋಗಶಾಲೆ ವರ್ಷಗಟ್ಟಲೆ ತಾಳ್ಮೆಯಿಂದ ಕೂಡಿಟ್ಟ ಪೊಲೋನಿಯಂ ಆ ಕಾಲಕ್ಕೆ ಲೋಕದಲ್ಲಿಯೇ ಅಪರೂಪವೆನಿಸುವಷ್ಟು ಪ್ರಬಲವಾದ ಸಂಗ್ರಹವಾಯಿತು. ಅದನ್ನೇ ಸಾಧನವಾಗಿ ಹಿಡಿದು ಐರೀನಳೂ, 1926ರಲ್ಲಿ ಅವಳ ಕೈ ಹಿಡಿದ ಫ್ರೆಡರಿಕ್ ಜೋಲಿಯೋ ಅವರೂ 1934ರ ಆರಂಭದಲ್ಲಿ ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದರು. ಹೊಸ ವಸ್ತುವಿದ್ದ ಪುಟ್ಟ ಕೊಳವೆಯನ್ನು ಮುದುಕಿ ತಾಯಿ ವಿಕಿರಣದಿಂದ ಬೆಂದ ಬೆರಳುಗಳಲ್ಲಿ ಹಿಡಿದು ಸಂತೋಷಪಟ್ಟರು. ಆ ಜುಲೈ 4ರಂದು ಮೇರಿ ತೀರಿಕೊಂಡರು. ಮರುವರ್ಷ, 1935ರಲ್ಲಿ, ಗಂಡಹೆಂಡಿರಿಗೆ ನೊಬೆಲ್ ಪಾರಿತೋಷಕ ಬಂದಿತು. 1911ರಲ್ಲಿ 14 ವರ್ಷದ ಹುಡುಗಿಯಾಗಿ ಸ್ಟಾಕ್‌ಹೋಮಿಗೆ ಹೋಗಿ ತಾಯಿ ಪಾರಿತೋಷಕ ಪಡೆದುದನ್ನು ಕಂಡಿದ್ದ ಐರೀನ್ ಅದೇ ನಗರದಲ್ಲಿ ತಾನೂ ಪಡೆದಳು. ಸ್ವತ್ತಾಗಿ ಬಾರದೆ ಹೋದ ಪಾಲು ಕೆಲಸವಾಗಿ ಕೈಗೆ ಬಂದಿತ್ತು.

ಈ ಪಾಲಿನಲ್ಲಿ ವಿಷವೂ ಬೆರೆತಿತ್ತು. ಮೇರಿಯವರ ಸಾವಿಗೆ ರಕ್ತ ಹುಟ್ಟದೆ ಹೋಗುವ ರೋಗ ಕಾರಣ. 1956ರಲ್ಲಿ ಐರೀನಳನ್ನು ರಕ್ತದ ಅರ್ಬುದ ಒಯ್ದಿತು. ಜೀವಮಾನವೆಲ್ಲ ಒಡನಾಡಿದ ಕಿರಣಗಳು ತಾಯಿಯನ್ನೂ ಮಗಳನ್ನೂ ಬಿಡಲಿಲ್ಲ.

ಈವ್ ತನ್ನ ಹಾದಿಯನ್ನೇ ಹಿಡಿದು ಪಿಯಾನೋ ವಾದಕಿಯಾದಳು, ಪತ್ರಕರ್ತೆಯಾದಳು. 1937ರಲ್ಲಿ ಅವಳು ಪ್ರಕಟಿಸಿದ ತಾಯಿಯ ಜೀವನಚರಿತ್ರೆ ಅನೇಕ ಭಾಷೆಗಳಲ್ಲಿ ಓದುಗರನ್ನು ಪಡೆಯಿತು. ಎರಡನೆಯ ಮಹಾಯುದ್ಧದ ವರದಿಗಾಗಿ ದೇಶದೇಶ ಸುತ್ತುತ್ತ 1942ರಲ್ಲಿ ಭಾರತಕ್ಕೂ ಬಂದು ಗಾಂಧೀಜಿಯವರನ್ನೂ ನೆಹರೂರವರನ್ನೂ ಕಂಡಳು. 2007ರಲ್ಲಿ, 102 ವರ್ಷ ತುಂಬು ಬಾಳು ಬಾಳಿ, ಕಣ್ಣು ಮುಚ್ಚಿದಳು.

ರೇಡಿಯಂ ಎಷ್ಟೇ ಇರಲಿ, ಅದರ ಅರ್ಧಭಾಗ ಕ್ಷಯಿಸಲು ಸುಮಾರು 1,600 ವರ್ಷಗಳು ಬೇಕು. ಅಷ್ಟು ಬಾಳಿಕೆಯ ಆಸ್ತಿಯನ್ನು ತಾಯಿ ಒಂದು ರಾತ್ರಿಯಲ್ಲಿ ಮಕ್ಕಳ ಹೆಸರಿನಿಂದ ತಪ್ಪಿಸಿ ಲೋಕದ ಹೆಸರಿಗೆ ಬರೆದರು. ಮಕ್ಕಳ ಪಾಲಿಗೆ ಉಳಿದದ್ದು ಆಕೆ ಬಾಳಿದ ರೀತಿ. ಇಬ್ಬರೂ ಅದನ್ನು ಕೊನೆಯವರೆಗೆ ಕರಗಿಸದೆ ಉಳಿಸಿಕೊಂಡರು.